ಜಡೆಗಂಟೆ

ಜೂನ್ 14

ಅಪ್ಪ,

ಬಂದು ತಲುಪಿದ್ದೇನೆ. ಪೆಟ್ಟಿಗೆಯ ಚಿಲಕ ದಾರಿಯಲ್ಲೇ ಕೈಕೊಟ್ಟಿತು. ಬೇಡ ಬೇಡ ಅಂದರೂ ಅಮ್ಮ ಸುತ್ತಿದ ಹಗ್ಗವೇ ನನ್ನ ಮಾನ ಕಾಪಾಡಿದ್ದು. ಇದನ್ನು ಅವಳಿಗೆ ಹೇಳು, ಆದರೆ ಒಂದೇ ಸಲ ಹೇಳು. ಇಲ್ಲದಿದ್ದರೆ ಮುಂದಿನ ಸಲ ನನಗೂ ಸೇರಿಸಿ ಹಗ್ಗ ಸುತ್ತುತ್ತಾಳೆ.

ನೀನು ಹೇಳಿದ ಹಾಗೆ ಮೊದಲು ದೊಡ್ಡ ಮೇಷ್ಟ್ರ ಕೋಣೆಗೆ ಹೋದೆ. ಕನ್ನಡಕವನ್ನು ಹಣೆಗೇರಿಸಿ ನೋಡಿದರು. "ಓಹೋ, ನಮ್ಮ ಕತ್ತರಿಯವರ ಮಗಳು! ಹದಿನೆಂಟು ವರ್ಷದ ಹಿಂದೆ ಈ ಶಾಲೆಯ ತಲೆಗಳನ್ನೆಲ್ಲ ನಿಮ್ಮಪ್ಪ ಒಬ್ರೇ ನೋಡ್ಕೋತಿದ್ರು. ತಲೆ ಒಳಗಿಂದು ನೋಡ್ಕೊಳ್ಳೋಕೆ ನಾವು ಹದಿನಾಲ್ಕು ಜನ ಇದ್ವಿ, ಆದ್ರೂ ಆಗ್ಲಿಲ್ಲ" ಅಂದು ನಕ್ಕರು. ಫೀಸಿಲ್ಲದ ಸೀಟು ಕೊಟ್ಟಿದ್ದಕ್ಕೆ ನಿನ್ನ ಪರವಾಗಿ, ಅಮ್ಮನ ಪರವಾಗಿ, ನನ್ನ ಪರವಾಗಿ ಮೂರು ಸಲ ಥ್ಯಾಂಕ್ಸ್ ಹೇಳಿದೆ. ಬಾಯಿಮಾತಲ್ಲ, ಮನಸ್ಸಿನಿಂದಲೇ ಹೇಳಿದೆ. ನನಗೆ ಇಲ್ಲಿ ನನ್ನದೇ ಮಂಚ ಇದೆ. ಓದುವ ಕೋಣೆಯಲ್ಲಿ ಗೋಡೆ ಕಾಣದಷ್ಟು ಪುಸ್ತಕ ಇವೆ. ನನ್ನ ಕ್ಲಾಸಿನಲ್ಲಿ ಮುರಿಯದ ಬೆಂಚು ಇದೆ.

ಒಂದು ವಿಚಿತ್ರವೂ ಇದೆ. ಇಲ್ಲಿ ಎರಡು ಗಂಟೆ. ಹುಡುಗರ ಹಾಸ್ಟೆಲಿನದು ಬೆಳಿಗ್ಗೆ ಐದೂವರೆಗೆ ಹೊಡೆಯುತ್ತದೆ. ನಮ್ಮದು ನಾಲ್ಕೂವರೆಗೆ. ಇದಕ್ಕೆ ಹುಡುಗಿಯರು ಇಟ್ಟ ಹೆಸರು ಜಡೆಗಂಟೆ. ಗೋಡೆಯ ಮೇಲೆ ಚೌಕಟ್ಟು ಹಾಕಿ ನಿಯಮ ತೂಗುಹಾಕಿದ್ದಾರೆ. ಹುಡುಗರ ಕೂದಲನ್ನು ಎರಡು ಬೆರಳ ನಡುವೆ ಹಿಡಿದರೆ ಮೇಲೆ ಏನೂ ಕಾಣಬಾರದು. ಹುಡುಗಿಯರು ಎರಡು ಜಡೆ ಹೆಣೆದು, ಮಡಚಿ, ಕಿವಿಯ ಹಿಂದೆ ಬಿಳಿ ರಿಬ್ಬನ್ನಿನಿಂದ ಕಟ್ಟತಕ್ಕದ್ದು, ಒಂದೆಳೆಯೂ ಹೊರಗೆ ಬರಬಾರದು. ತೊಂಬತ್ತು ಹುಡುಗಿಯರು, ಮೂರು ಕನ್ನಡಿ. ಅದಕ್ಕೇ ಒಬ್ಬಳ ಹಿಂದೆ ಒಬ್ಬಳು ಕೂತು, ಮುಂದಿನವಳ ತಲೆ ಹಿಂದಿನವಳು ಹೆಣೆಯುತ್ತಾ ಹೋಗುತ್ತೇವೆ. ಇದರ ಹೆಸರು ರೈಲು. ಹೊಸಬಳಾದ ನಾನು ಕೊನೆಯ ಡಬ್ಬಿ. ನನ್ನ ಹಿಂದೆ ಯಾರೂ ಇಲ್ಲ. ನನ್ನ ಜಡೆ ನಾನೇ ಹಾಕಿಕೊಳ್ಳಬೇಕು. ದುಂಡಗೆ ಕೂತರೆ ಕೊನೆಯವಳು ಅಂತಲೇ ಇರಲ್ಲವಲ್ಲ ಅಂತ ವಾರ್ಡನ್ ಮೇಡಂಗೆ ಹೇಳಿದೆ. "ಸಾಲು ಅಂದ್ರೆ ಶಿಸ್ತು. ದುಂಡಗೆ ಕೂತ್ಕೊಳ್ಳೋದು ಹರಟೆಗೆ" ಅಂದರು.

ಅಪ್ಪ, ಆ "ಎರಡು ಬೆರಳು" ಅನ್ನೋದು ನೀನು ಅಂಗಡಿಯಲ್ಲಿ ಹೇಳುವ ಮಾತೇ ಅಲ್ವಾ? ಓದಿದಾಗ ನೀನೇ ಗೋಡೆ ಮೇಲೆ ಕೂತು ಮಾತಾಡಿದ ಹಾಗಾಯಿತು.

ನಿನ್ನ,
ಮೋಟು


ಜೂನ್ 27

ಮೋಟೂ,

ಕಾಗದ ಬಂತು. ಹಗ್ಗದ ವಿಷಯ ಹೇಳಿದೆ. ಒಂದೇ ಸಲ ಹೇಳಿದೆ, ಅವಳು ಮಾತ್ರ ನನಗೆ ಹತ್ತು ಸಲ ಹೇಳಿದಳು.

ಎರಡು ಬೆರಳಿನ ಅಳತೆ ಕತ್ತರಿ ಹಿಡಿದವರಿಗೆಲ್ಲ ಗೊತ್ತಿರುವುದೇ. ಅದರಲ್ಲೇನೂ ವಿಶೇಷ ಇಲ್ಲ.

ಒದ್ದೆ ಕೂದಲಿಗೆ ಜಡೆ ಹಾಕಬೇಡ. ಬುಡ ಕೊಳೆಯುತ್ತದೆ, ತಲೆ ನೋಯುತ್ತದೆ. ಹಿಂದಿನ ದಿನ ಸಂಜೆಯೇ ತಲೆ ತೊಳೆದು ಒಣಗಿಸಿಕೋ.

ದೊಡ್ಡ ಮೇಷ್ಟ್ರು ನಮಗೆ ಮಾಡಿದ ಉಪಕಾರ ಮರೆಯಬೇಡ. ಅವರ ಶಾಲೆ, ಅವರ ನಿಯಮ. ಒಂದು ಗಂಟೆ ಮೊದಲು ಎದ್ದರೆ ಯಾರೂ ಸಾಯುವುದಿಲ್ಲ. ನಾನು ಮೂವತ್ತು ವರ್ಷದಿಂದ ಐದಕ್ಕೆ ಅಂಗಡಿ ತೆಗೆಯುತ್ತಿದ್ದೇನೆ.

ನಿಮ್ಮಪ್ಪ


ಜುಲೈ 21

ಅಪ್ಪ,

ಒಂದು ಗಂಟೆಗೆ ಯಾರೂ ಸಾಯುವುದಿಲ್ಲ, ನಿಜ. ಲೆಕ್ಕ ಹಾಕಿ ನೋಡಿದೆ. ಶಾಲೆ ವರ್ಷಕ್ಕೆ ಇನ್ನೂರ ಇಪ್ಪತ್ತು ದಿನ. ಇಲ್ಲಿ ಐದು ವರ್ಷ ಓದುವ ಹುಡುಗಿ ಸಾವಿರದ ನೂರು ಗಂಟೆ ಜಡೆ ಹಾಕುತ್ತಾಳೆ. ಅಂದರೆ ಹಗಲು ರಾತ್ರಿ ಸೇರಿ ನಲವತ್ತೈದು ದಿನ, ಊಟ ನಿದ್ದೆ ಬಿಟ್ಟು ಬರೀ ಜಡೆ. ಅಷ್ಟು ಹೊತ್ತು ಹುಡುಗರು ಮಲಗಿರುತ್ತಾರೆ. ಅವರು ಮಲಗಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನಮಗೂ ಅದೇ ಬೇಕು, ಅಷ್ಟೆ.

ಮೊದಲ ಪೀರಿಯಡ್ ಗಣಿತ. ನಮ್ಮ ಸಾಲುಗಳೆಲ್ಲ ತೂಕಡಿಸುತ್ತವೆ. ಗಣಿತದ ಮೇಷ್ಟ್ರು ಹುಡುಗರ ಕಡೆ ತಿರುಗಿ, "ಹೆಣ್ಣುಮಕ್ಕಳಿಗೆ ಲೆಕ್ಕ ಅಂದ್ರೆ ಜೋಗುಳ ಕಣ್ರೋ" ಅಂದರು. ಎಲ್ಲರೂ ನಕ್ಕರು. ಹುಡುಗಿಯರೂ ನಕ್ಕರು, ಅದೇ ನನಗೆ ಉರಿದದ್ದು. ಎದ್ದು ನಿಂತು, "ನಾಲ್ಕೂವರೆಗೆ ಎದ್ದು ನೋಡಿ ಸಾರ್, ನಿಮಗೂ ಜೋಗುಳ ಕೇಳಿಸುತ್ತೆ" ಅಂದೆ. ಪೀರಿಯಡ್ ಪೂರ್ತಿ ನಿಲ್ಲಿಸಿದರು. ನಿಂತಿದ್ದಕ್ಕೆ ನಿದ್ದೆ ಬರಲಿಲ್ಲ, ಮೂರು ಲೆಕ್ಕ ಮೊದಲ ಸಲಕ್ಕೇ ತಲೆಗೆ ಹತ್ತಿದವು. ಕೊನೆಗೆ ಹೋಗಿ ಥ್ಯಾಂಕ್ಸ್ ಹೇಳಿದೆ. ಅದಕ್ಕೂ ಬೈದರು.

ಒಂದು ಅರ್ಜಿ ಬರೆದೆವು. ಎಲ್ಲರಿಗೂ ಒಂದೇ ಗಂಟೆ ಇರಲಿ, ಯಾರಿಗೆ ಹೇಗೆ ಅನುಕೂಲವೋ ಹಾಗೆ ಕೂದಲು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲಿ ಅಂತ. ಹತ್ತೊಂಬತ್ತು ಹುಡುಗಿಯರ ಸಹಿ ಬಿತ್ತು. ವಾರ್ಡನ್ ಮೇಡಂ ಊಟದ ಹಾಲಿನಲ್ಲಿ ಒಂದೊಂದೇ ಹೆಸರು ಜೋರಾಗಿ ಓದಿ, "ನಿಮ್ಮ ಮನೆಗೆ ಹೇಳ್ಲಾ?" ಅಂದರು. ಸಂಜೆಗೆ ಹದಿನೇಳು ಸಹಿ ವಾಪಸ್ಸು. ಉಳಿದದ್ದು ನಾನು ಮತ್ತು ಉದ್ದಜಡೆ. ನನ್ನ ಪಕ್ಕದ ಮಂಚದವಳು, ಕೂದಲು ಮೊಣಕಾಲು ಮುಟ್ಟುತ್ತದೆ. ಅದರ ಮೇಲೆ ಅವಳಿಗೆ ಪ್ರಾಣ. "ನಿನಗ್ಯಾಕೆ ಈ ಅರ್ಜಿ?" ಅಂದೆ. "ಇಷ್ಟಪಟ್ಟು ಬೆಳೆಸಿದ್ದೀನಿ ಕಣೇ, ಇದನ್ನ ಶಿಕ್ಷೆ ಮಾಡ್ಬಿಟ್ಟಿದ್ದಾರಲ್ಲ, ಅದಕ್ಕೆ" ಅಂದಳು.

ದೊಡ್ಡ ಮೇಷ್ಟ್ರು ನಿನ್ನ ಮಾತು ಕೇಳುತ್ತಾರೆ. ಅವರಿಗೆ ಎರಡು ಸಾಲು ಬರೆಯುತ್ತೀಯಾ? ಬೇಡುವುದು ಬೇಡ. ಕೇಳು, ಅಷ್ಟೆ.

ಮೋಟು


ಆಗಸ್ಟ್ 17

ಅಪ್ಪ,

ನೀನು ಬರೆಯಲಿಲ್ಲ. ನಾಲ್ಕು ವಾರ ಕಾದೆ.

ಈ ಲಕೋಟೆ ದಪ್ಪಗಿದೆ ಅಂತ ಹೆದರಬೇಡ. ಒಳಗಿರುವುದು ನನ್ನ ಜಡೆ. ಕತ್ತರಿಸಿದ ಮೇಲೆ ಹೆಣೆದು, ಎರಡನ್ನೂ ಒಟ್ಟಿಗೆ ಸುತ್ತಿ ಕಟ್ಟಿದ್ದೇನೆ. ಹೊಲಿಗೆ ಕೋಣೆಯ ಕತ್ತರಿಯಿಂದ ನಾನೇ ಕತ್ತರಿಸಿಕೊಂಡೆ. ಯಾರ ಮೇಲಿನ ಸಿಟ್ಟಿಗೂ ಅಲ್ಲ. ಅವತ್ತು ಜಡೆಗಂಟೆ ಹೊಡೆದಾಗ ನನಗೆ ಜ್ವರವಿತ್ತು, ತಲೆ ಒದ್ದೆಯಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ, ನನ್ನ ಹಿಂದೆ ಯಾರೂ ಇರಲಿಲ್ಲ. ಅಷ್ಟೇ ಕಾರಣ.

ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಎಲ್ಲರ ಕತ್ತೂ ನನ್ನ ಕಡೆ ತಿರುಗಿತು. ಆಮೇಲೆ ಹುಡುಗರ ಕಡೆಯಿಂದ "ಗಂಡುಬೀರಿ" ಅಂತ ಬಂತು. ಕಳೆದ ವರ್ಷ ಕೂದಲು ಕಿವಿಗೆ ಬಿದ್ದಿದ್ದಕ್ಕೆ "ಹೆಣ್ಣಿಗ" ಅನ್ನಿಸಿಕೊಂಡ ಹುಡುಗನೇ ಕೂಗಿದ್ದು. ಬಿದ್ದ ಪೆಟ್ಟನ್ನು ಮುಂದಿನವರಿಗೆ ದಾಟಿಸುವುದನ್ನೇ ಇಲ್ಲಿ ಶಿಸ್ತು ಅನ್ನುತ್ತಾರೆ. ವಾರ್ಡನ್ ಮೇಡಂ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹಜಾಮನ ಮಗಳಲ್ವಾ, ಕತ್ತರಿ ಹುಟ್ಟಿನಿಂದ್ಲೇ ಬಂದಿದೆ" ಅಂದರು. ಅದೊಂದು ಮಾತನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆದಿದ್ದೇನೆ.

ಈಗ ನಾನು ಕ್ಲಾಸಿನ ಹೊರಗೆ, ಜಗಲಿಯಲ್ಲಿ, ಕಿಟಕಿ ಕೆಳಗೆ ಕೂತು ಪಾಠ ಕೇಳುತ್ತೇನೆ. ಬೋರ್ಡು ಕಾಣುವುದಿಲ್ಲ. ಗಣಿತವನ್ನು ಕಿವಿಯಲ್ಲಿ ಕಲಿಯುವುದು ಎಷ್ಟು ಕಷ್ಟ ಗೊತ್ತಾ? ಉದ್ದಜಡೆ ಲೆಕ್ಕ ಬರೆದುಕೊಳ್ಳುವ ನೆಪದಲ್ಲಿ ಪ್ರತಿ ಹೆಜ್ಜೆಯನ್ನೂ ಜೋರಾಗಿ ಗೊಣಗುತ್ತಾಳೆ, ನನಗೆ ಕೇಳಲಿ ಅಂತ. ಅವಳಿಗೆ ಈ ಜನ್ಮದಲ್ಲಿ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನೀನು ಈ ಕೆಳಗಿನದನ್ನು ನಿನ್ನ ಕೈಯಾರೆ ಬರೆದು ಸಹಿ ಹಾಕಿ ಸೆಪ್ಟೆಂಬರ್ ಮೂವತ್ತರೊಳಗೆ ಕಳಿಸಬೇಕಂತೆ. ಇಲ್ಲವಾದರೆ ಸೀಟು ರದ್ದು.

"ನನ್ನ ಮಗಳು ಹೆಣ್ಣಿಗೆ ತಕ್ಕುದಲ್ಲದ ಕೆಲಸ ಮಾಡಿರುತ್ತಾಳೆ. ಇದಕ್ಕೆ ನನ್ನ ವೃತ್ತಿಯೂ ನಮ್ಮ ಮನೆಯ ವಾತಾವರಣವೂ ಕಾರಣ. ಕ್ಷಮೆ ಕೋರುತ್ತೇನೆ. ಅವಳ ಕೂದಲು ಎರಡು ಜಡೆಯಾಗುವವರೆಗೆ ಅವಳನ್ನು ತರಗತಿಯ ಹೊರಗೆ ಕೂರಿಸಲು ನನ್ನ ಒಪ್ಪಿಗೆ ಇದೆ."

ಸಹಿ ಹಾಕು ಅಂತ ಹೇಳುವುದಿಲ್ಲ. ಹಾಕಬೇಡ ಅಂತಲೂ ಹೇಳುವುದಿಲ್ಲ. ನನಗೆ ಈ ಸೀಟು ಬೇಕು ಅಪ್ಪ. ಅದೊಂದು ನಿನಗೆ ಗೊತ್ತಿರಲಿ.

ಮೋಟು


ಆಗಸ್ಟ್ 26

ಮಗಳೇ,

ಇದು ಅಮ್ಮ. ಲಾಂಡ್ರಿಯಲ್ಲಿ ಇಸ್ತ್ರಿ ಕಾಯುವಷ್ಟರಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಓದಿಕೋ.

ಲಕೋಟೆ ಬಿಚ್ಚಿದವರು ನಿಮ್ಮಪ್ಪ. ಜಡೆ ಕೈಗೆ ಬಂದ ತಕ್ಷಣ ಅವರ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ಯಾರು ಕತ್ತರಿಸಿದ್ದು ಇದನ್ನ, ಇಲಿನಾ?" ಅಂದರು. ಆಮೇಲೆ ಕಾಗದ ಓದಿದರು. ಎರಡು ದಿನ ಅಂಗಡಿ ತೆಗೆಯಲಿಲ್ಲ. ಗಿರಾಕಿಗಳು ಮನೆ ಬಾಗಿಲಿಗೆ ಬಂದು, "ಅಣ್ಣ ಇದಾರಾ, ಅರ್ಧ ಗಡ್ಡ ಹಾಗೇ ಇದೆ" ಅಂತ ಕೇಳುತ್ತಾರೆ. ನಾನು ಇಲ್ಲ ಅನ್ನುತ್ತೇನೆ. ಅವರು ಒಳಗೆ ನಿನ್ನ ಜಡೆಯ ತುದಿಗಳನ್ನು ಒಂದೊಂದೇ ಎಳೆ ಸಮ ಮಾಡುತ್ತಾ ಕೂತಿರುತ್ತಾರೆ.

ನಾನು ಕೇಳಿಯೇಬಿಟ್ಟೆ. "ಸಹಿ ಹಾಕ್ತೀರಾ?"

"ದೊಡ್ಡ ಮೇಷ್ಟ್ರು ಆ ಕಾಲದಲ್ಲೇ ನನ್ನನ್ನ ಕುರ್ಚಿ ಮೇಲೆ ಕೂರಿಸಿದ್ದಾರೆ ಕಣೇ" ಅಂದರು.

"ಅದಕ್ಕೆ ಮಗಳನ್ನ ಜಗಲಿ ಮೇಲೆ ಕೂರಿಸ್ತೀರಾ?" ಅಂದೆ.

ಅವರು ಜಡೆಯ ಇನ್ನೊಂದು ಎಳೆ ಹಿಡಿದರು. ನಾನೂ ಬಿಡಲಿಲ್ಲ. "ಇಪ್ಪತ್ತು ವರ್ಷ ಹತ್ತಿರ ಬಂತು ಕತ್ತರಿಯವನ ಹೆಂಡತಿಯಾಗಿ. ಈ ಇಸ್ತ್ರಿ ಬಿಸಿಯಲ್ಲಿ ಬೆನ್ನ ಮೇಲೆ ಕಂಬಳಿ ಹೊತ್ತ ಹಾಗೆ ಈ ಕೂದಲು ಹೊತ್ತಿದ್ದೀನಿ. ಒಂದು ದಿನ ಕೇಳಿದ್ರಾ, ಭಾರ ಆಗತ್ತಾ ಅಂತ?" ಅಂದೆ. ಪಾಪ, ಅನ್ನಬಾರದಿತ್ತು. ಅಂದದ್ದು ಒಳ್ಳೆಯದೇ ಆಯಿತೇನೋ. ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗುವಾಗ ಒಂದು ದಸ್ತು ಹಾಳೆ ಕೊಂಡುಕೊಂಡು ಹೋದರು. ಸಹಿ ಹಾಕಲು ಒಂದು ಹಾಳೆ ಸಾಕಲ್ಲವಾ?

ಜ್ವರ ಬಿಟ್ಟಿತಾ? ಅದನ್ನು ಬರಿ ಮೊದಲು.

ಅಮ್ಮ


ಸೆಪ್ಟೆಂಬರ್ 4

ಮೋಟೂ,

ದೊಡ್ಡ ಮೇಷ್ಟ್ರಿಗೆ ಬರೆದ ಕಾಗದದ ನಕಲು ಇದರ ಜೊತೆ ಇದೆ. ಓದು. ನಿನಗೆ ಹೇಳಬೇಕಾದದ್ದೂ ಅದರಲ್ಲೇ ಇದೆ. ನಿನಗೇ ನೇರ ಬರೆಯಲು ಕೂತರೆ ನಾಚಿಕೆಯಾಯಿತು. ನಾಲ್ಕು ವಾರ ನಾನು ಬಾಯಿ ಮುಚ್ಚಿಕೊಂಡಿದ್ದು ಅದಕ್ಕೇ.

ನಿನ್ನ ಹಿಂದೆ ಯಾರೂ ಇರಲಿಲ್ಲ ಅಂತ ಬರೆದೆಯಲ್ಲ, ಆ ಸಾಲು ಓದಲು ನನಗೆ ಎರಡು ದಿನ ಬೇಕಾಯಿತು.

ನಿಮ್ಮಪ್ಪ


ಸೆಪ್ಟೆಂಬರ್ 4

ಪೂಜ್ಯ ದೊಡ್ಡ ಮೇಷ್ಟ್ರಿಗೆ,

ನಮಸ್ಕಾರ. ನಿಮ್ಮ ವಾರ್ಡನ್ ಮೇಡಂ ಕಳಿಸಿದ ಮಾದರಿಯಂತೆ ನಾನು ಬರೆದು ಸಹಿ ಹಾಕಬೇಕಂತೆ. ಹಾಕುವುದಿಲ್ಲ. ಯಾಕೆ ಅಂತ ಹೇಳುವುದಕ್ಕೆ ಮುಂಚೆ ನಿಮಗೆ ಹೇಳಬೇಕಾದ ಥ್ಯಾಂಕ್ಸ್ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದನ್ನು ನೀವು ಕೊಬ್ಬು ಅಂದುಕೊಳ್ಳಬಹುದು.

ನಾನು ಜನರನ್ನು ಕುರ್ಚಿಯಲ್ಲಿ ಕೂರಿಸಿ ನಿಂತು ಕೆಲಸ ಮಾಡುವವನು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಕುಡಿಯುವ ಕಪ್ಪಿನಂಥದೇ ಕಪ್ಪಿನಲ್ಲಿ ಟೀ ಕೊಟ್ಟವರು ನೀವೊಬ್ಬರೇ. ಅದು ಹದಿನೆಂಟು ವರ್ಷದ ಹಿಂದಿನ ಮಾತು. ಆ ಟೀ ಇನ್ನೂ ನನ್ನ ಗಂಟಲಲ್ಲಿ ಬೆಚ್ಚಗಿದೆ. ನನ್ನ ಮಗಳಿಗೆ ಸೀಟು ಕೊಟ್ಟಿರಿ. ಅದಕ್ಕೂ ತಲೆ ಬಾಗುತ್ತೇನೆ. ಬಾಗುವ ತಲೆ ಇದು, ಆದರೆ ಸುಳ್ಳಿಗೆ ಸಹಿ ಹಾಕುವ ಕೈ ಇದಲ್ಲ.

ಈಗ ನಿಜ ಹೇಳುತ್ತೇನೆ. ನಿಮ್ಮ ಗೋಡೆಯ ಮೇಲೆ ಚೌಕಟ್ಟಿನಲ್ಲಿರುವ ನಿಯಮ ನನ್ನದು.

ನೆನಪು ಮಾಡಿಕೊಳ್ಳಿ. ಆ ವರ್ಷ ಶಾಲೆ ತುಂಬ ಹೇನು. ನೀವು ನನ್ನನ್ನು ಕರೆಸಿದಿರಿ. "ಹುಡುಗ ಹುಡುಗಿ ಅಂತ ಭೇದ ಬೇಡ, ಎಲ್ಲರದ್ದೂ ಗಿಡ್ಡ ಮಾಡ್ಬಿಡಿ. ಹೇನಿಗೇನು ಗೊತ್ತು ಯಾರ ತಲೆ ಅಂತ" ಅಂದಿರಿ. ಭೇದ ಬೇಡ ಅಂದವರು ನೀವು. ಬೆಳಿಗ್ಗೆಯಿಂದ ನೂರ ಹತ್ತು ಹುಡುಗರ ತಲೆ ಮುಗಿಸಿದೆ. ಎಷ್ಟು ಗಿಡ್ಡ ಅಂದಿರಿ, ಎರಡು ಬೆರಳು ಅಂದೆ, ಬರೆದುಕೊಂಡಿರಿ. ಆಚೆ ನಲವತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಗೋಡೆ ಗಡಿಯಾರ ನೋಡಿದೆ. ಮೂರು ಗಂಟೆ. ನಾಲ್ಕಕ್ಕೆ ನಮ್ಮೂರಿನ ಬಸ್ಸು, ತಪ್ಪಿದರೆ ಮಾರನೆಯ ದಿನವೇ. ಹೆಣ್ಣುಮಕ್ಕಳ ಕೂದಲಿಗೆ ಕೈಯಿಡಲು ಅಂಜಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ದೊಡ್ಡ ಕಾರಣ ಬಸ್ಸು. "ಹೆಣ್ಣುಮಕ್ಕಳದ್ದು ಬೇಡ ಸಾರ್. ಎರಡು ಭಾಗ ಮಾಡಿ, ಮಡಚಿ, ಗಟ್ಟಿಯಾಗಿ ಕಟ್ಟಿಸ್ಬಿಡಿ, ಬಿಳೀ ರಿಬ್ಬನ್ ಇದ್ರೆ ಹೇನು ಹರಿದಾಡಿದ್ದು ಕಾಣುತ್ತೆ" ಅಂದೆ. ನೀವು ಅದನ್ನೂ ಬರೆದುಕೊಂಡಿರಿ.

ಅಷ್ಟೇ ಸಾರ್ ನಿಮ್ಮ ಶಿಸ್ತು. ಹೇನಿಗೆ ಹಾಕಿದ ಕಟ್ಟು. ಹೇನು ಹೋಯಿತು, ಕಟ್ಟು ಉಳಿಯಿತು. ಹದಿನೆಂಟು ವರ್ಷದಿಂದ ನಾಲ್ಕೂವರೆಗೆ ಎದ್ದ ಹುಡುಗಿಯರೆಲ್ಲ ನನ್ನ ಬಸ್ಸಿಗಾಗಿ ಎದ್ದವರು. ಕ್ಲಾಸಿನಲ್ಲಿ ತೂಕಡಿಸಿ, ಹೆಣ್ಣಿಗೆ ಲೆಕ್ಕ ಬರಲ್ಲ ಅನ್ನಿಸಿಕೊಂಡವರು ನನ್ನ ಸೋಮಾರಿತನಕ್ಕೆ ಅನ್ನಿಸಿಕೊಂಡವರು. ನಾನು ಅಂಗಡಿಯಲ್ಲಿ ಕೂತು ನನ್ನ ಮಗಳಿಗೆ "ಅವರ ಶಾಲೆ, ಅವರ ನಿಯಮ" ಅಂತ ಬುದ್ಧಿ ಬರೆದೆ. ಎಂಥ ಗಂಡಸು ನಾನು!

ಹೆಣ್ಣಿಗೆ ತಕ್ಕುದಲ್ಲದ ಕೆಲಸ ಅಂತ ಬರೆದಿದ್ದಾರೆ. ಕೂದಲಿಗೆ ಗಂಡು ಹೆಣ್ಣು ಇಲ್ಲ ಸಾರ್. ಮೂವತ್ತು ವರ್ಷದಿಂದ ಕಸಬರಿಗೆಯಲ್ಲಿ ಗುಡಿಸುತ್ತಿದ್ದೇನೆ, ನೆಲಕ್ಕೆ ಬಿದ್ದ ಮೇಲೆ ಯಾರದ್ದು ಯಾವುದು ಅಂತ ಹೇಳಲು ನನಗೇ ಆಗುವುದಿಲ್ಲ. ಇನ್ನು, ಜಡೆಯಾಗುವವರೆಗೆ ಹೊರಗೆ ಅಂದಿದ್ದಾರೆ. ಕೂದಲು ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತದೆ. ಮಡಚಿ ಕಟ್ಟುವ ಎರಡು ಜಡೆಗೆ ಎರಡು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ಅವಳ ಓದೇ ಮುಗಿದಿರುತ್ತದೆ, ಜಗಲಿಯಲ್ಲೇ.

ನನ್ನ ವೃತ್ತಿ ಕಾರಣ ಅಂದಿದ್ದಾರೆ. ಆ ಒಂದು ಮಾತು ನಿಜ. ಹಜಾಮನ ಮಗಳು ಅಂದರಂತೆ. ಹೌದು, ಹಜಾಮನ ಮಗಳೇ. ಹಜಾಮ ಮಾಡಿದ ತಪ್ಪನ್ನು ಹಜಾಮನ ಮಗಳೇ ಸರಿಮಾಡಿದ್ದಾಳೆ. ಕಟಿಂಗ್ ಮಾತ್ರ ಇಲಿ ತಿಂದ ಹಾಗೆ ಮಾಡಿದ್ದಾಳೆ, ಅದಕ್ಕೆ ಬೇಕಾದರೆ ಕ್ಷಮೆ ಕೇಳುತ್ತೇನೆ.

ನನ್ನ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ. ಗೋಡೆಯಿಂದ ಇಳಿಸಿ. ಸೀಟು ಕಿತ್ತುಕೊಳ್ಳುವುದಾದರೆ ಕಿತ್ತುಕೊಳ್ಳಿ. ಆಗಲೂ ನಿಮ್ಮ ಟೀ ಮರೆಯುವುದಿಲ್ಲ.

ಇಂತಿ,
ಕತ್ತರಿಯವನು


ಸೆಪ್ಟೆಂಬರ್ 20

ಕತ್ತರಿಯವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹೇನು ನೆನಪಿದೆ. ಭೇದ ಬೇಡ ಅಂದವನು ನಾನೇ ಅನ್ನುವುದು ಮರೆತೇಹೋಗಿತ್ತು. ನೆನಪಿಸಿದ್ದಕ್ಕೆ ಕೃತಜ್ಞ. ಹದಿನೆಂಟು ವರ್ಷ ಆ ಚೌಕಟ್ಟಿನ ಕೆಳಗೆ ದಿನಾ ಓಡಾಡಿದ್ದೇನೆ, ಒಂದು ದಿನವೂ ಯಾಕೆ ಅಂತ ಕೇಳಿಕೊಳ್ಳಲಿಲ್ಲ. ನಿಮ್ಮದು ಸೋಮಾರಿತನ ಅಂದಿರಿ. ನನ್ನದಕ್ಕೆ ಹೆಸರೇನು?

ಹುಡುಗಿ ನಾಳೆಯಿಂದ ತರಗತಿಯೊಳಗೆ ಕೂರುತ್ತಾಳೆ. ಮುಂದಿನ ತಿಂಗಳ ಮೊದಲ ಭಾನುವಾರ ಬನ್ನಿ. ಕತ್ತರಿ ತನ್ನಿ. ಅವಳ ತಲೆ ಇಲಿ ತಿಂದ ಹಾಗಿದೆ ಅನ್ನುವ ನಿಮ್ಮ ಅಭಿಪ್ರಾಯಕ್ಕೆ ನನ್ನ ಸಹಿಯೂ ಇದೆ.

ಒಂದು ಮಾತು. ಆವತ್ತು ಬಸ್ಸು ಸಿಕ್ಕಿತಾ?

ನಿಮ್ಮ,
ಹೆಡ್ಮಾಸ್ಟರ್


ಅಕ್ಟೋಬರ್ 12

ಅಮ್ಮ,

ಅಪ್ಪ ಬಂದು ಹೋದದ್ದನ್ನು ಅವನು ಸರಿಯಾಗಿ ಹೇಳಿರಲ್ಲ ಅಂತ ಗೊತ್ತು. "ಹೋದೆ, ಬಂದೆ" ಅಂದಿರುತ್ತಾನೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಸಭೆ ಹಾಲಿನ ಸ್ಟೇಜಿನ ಮೇಲೆ ಎರಡು ಕುರ್ಚಿ. ಒಂದರಲ್ಲಿ ದೊಡ್ಡ ಮೇಷ್ಟ್ರು, ಇನ್ನೊಂದರಲ್ಲಿ ಅಪ್ಪ, ಮೊಣಕಾಲ ಮೇಲೆ ಕತ್ತರಿ ಚೀಲ. ಕುರ್ಚಿಯ ತುದಿಯಲ್ಲಿ ಕೂತಿದ್ದ, ಯಾರೋ ಎಬ್ಬಿಸಿಬಿಡುತ್ತಾರೆ ಅನ್ನುವ ಹಾಗೆ. ದೊಡ್ಡ ಮೇಷ್ಟ್ರು ಅವನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಹಜಾಮ ಅನ್ನುವ ಮಾತನ್ನೂ ಬಿಡಲಿಲ್ಲ. ವಾರ್ಡನ್ ಮೇಡಂ ನೆಲ ನೋಡಿದರು. ಬಸ್ಸಿನ ವಿಷಯ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನು ಅಳುತ್ತಿದ್ದೆ, ಅದನ್ನು ಬಿಡು.

ಚೌಕಟ್ಟನ್ನು ಅವರೇ ಇಳಿಸಿದರು. ಹೊಸದು ಒಂದೇ ಸಾಲು: ಕೂದಲು ಕಣ್ಣಿನ ಮೇಲೆ ಇಳಿಯದಿರಲಿ, ಕತ್ತರಿಸುವುದೋ ಕಟ್ಟುವುದೋ ತಲೆಯ ಒಡೆಯರಿಗೆ ಬಿಟ್ಟದ್ದು. ಒಡೆಯರಿಗೆ ಅಂತ ಬರೆದಿದ್ದಾರೆ ಅಮ್ಮ. ನನ್ನ ತಲೆಗೆ ನಾನು ಒಡತಿ ಅಂತ ಚೌಕಟ್ಟು ಹಾಕಿದ್ದಾರೆ. ಹುಡುಗರಿಗೂ ಇದೇ. ಗಂಡುಬೀರಿ ಅಂತ ಕೂಗಿದವನು ಈಗ ಕೂದಲು ಬಿಡುತ್ತಿದ್ದಾನೆ. ನನ್ನ ಹತ್ತಿರ ಬಂದು, "ನಿನ್ನ ಹಳೇ ರಿಬ್ಬನ್ ಇದ್ರೆ ಕೊಡ್ತೀಯಾ?" ಅಂದ. ಅದಕ್ಕಿಂತ ಮೊದಲು ಇನ್ನೊಂದು ಮಾತು ಹೇಳಬೇಕಲ್ವಾ ಅಂದೆ. ಹೇಳಿದ. ಕೊಟ್ಟೆ.

ಆಮೇಲೆ ಅಪ್ಪ ಜಗಲಿಯಲ್ಲಿ, ನಾನು ಹೊರಗೆ ಕೂರುತ್ತಿದ್ದ ಅದೇ ಕಿಟಕಿ ಕೆಳಗೆ ಕುರ್ಚಿ ಹಾಕಿಸಿ ನನ್ನ ತಲೆ ಸರಿ ಮಾಡಿದ. "ಅಲ್ಲಾಡಬೇಡ" ಅಂತ ನನಗೆ ಗದರಿದ. ತಿರುಗಿ ನೋಡಿದರೆ ಹಿಂದೆ ಹದಿಮೂರು ಹುಡುಗಿಯರ ಸಾಲು. ಅಪ್ಪ ಗೋಡೆ ಗಡಿಯಾರ ನೋಡಿದ. ಮೂರು ದಾಟಿತ್ತು. ಕನ್ನಡಕ ಒರೆಸಿಕೊಂಡು, "ಮುಂದಿನವ್ರು ಬನ್ನಿ" ಅಂದ. ಅವತ್ತು ಅವನು ಮನೆ ಸೇರಿದ್ದು ಮರುದಿನ ಅಲ್ವಾ? ಅದಕ್ಕೇ.

ಉದ್ದಜಡೆ ಕತ್ತರಿಸಿಕೊಳ್ಳಲಿಲ್ಲ. ಒಂದೇ ಜಡೆ ಹಾಕಿ ಬೆನ್ನ ಮೇಲೆ ಬಿಟ್ಟಿದ್ದಾಳೆ, ರಾಣಿ ಹಾಗೆ ನಡೆಯುತ್ತಾಳೆ. ಭಾನುವಾರ ನಾವೆಲ್ಲ ದುಂಡಗೆ ಕೂತು ಅವಳ ಕೂದಲಿಗೆ ಮುತ್ತಿಗೆ ಹಾಕುತ್ತೇವೆ, ಹರಟೆ ಹೊಡೆಯುತ್ತೇವೆ. ಆ ರೈಲು ಹತ್ತಿಸಿದ್ದಕ್ಕೂ ಒಂದು ಥ್ಯಾಂಕ್ಸ್, ಅದಿಲ್ಲದಿದ್ದರೆ ನಮಗೆ ಒಬ್ಬರ ತಲೆ ಒಬ್ಬರಿಗೆ ಗೊತ್ತಾಗುತ್ತಿರಲಿಲ್ಲ.

ಎಲ್ಲ ಸರಿಹೋಗಿದೆ ಅಂದುಕೊಳ್ಳಬೇಡ. ವಾರ್ಡನ್ ಮೇಡಂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಗಣಿತದ ಮೇಷ್ಟ್ರಿಗೆ ಈಗ ಹುಡುಗಿಯರು ಪ್ರಶ್ನೆ ಕೇಳುತ್ತಾರೆ ಅಂತ ಬೇಜಾರು. ಲಂಗದ ಉದ್ದವನ್ನು ಇನ್ನೂ ಮಂಡಿಯೂರಿಸಿ ಅಳೆಯುತ್ತಾರೆ. ಅದಕ್ಕೂ ಅರ್ಜಿ ಬರೆದಿದ್ದೇವೆ. ಈ ಸಲ ಐವತ್ತೆರಡು ಸಹಿ. ಒಂದೂ ವಾಪಸ್ಸಾಗಿಲ್ಲ.

ಮೊದಲ ದಿನದ್ದು ಹೇಳಲೇಬೇಕು. ಜಡೆಗಂಟೆ ಹೊಡೆಯಲಿಲ್ಲ. ಆದರೂ ನಾಲ್ಕೂವರೆಗೆ ತೊಂಬತ್ತು ಹುಡುಗಿಯರಿಗೂ ಎಚ್ಚರ. ಯಾರೂ ಏಳಲಿಲ್ಲ. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಏನೂ ಮಾಡದೆ ಮಲಗಿರುವುದು ಅಷ್ಟು ಕಷ್ಟ ಅಂತ ತಿಳಿದಿರಲಿಲ್ಲ. ಯಾವುದೋ ಮೂಲೆಯಿಂದ ಒಬ್ಬಳು ಮೆಲ್ಲಗೆ, "ಇಷ್ಟು ಹೊತ್ತಾ ಇದು?" ಅಂದಳು. ಅಷ್ಟು ಉದ್ದದ ಒಂದು ಗಂಟೆ, ಅಮ್ಮ. ಅಷ್ಟನ್ನೂ ನಮ್ಮಿಂದ ತೆಗೆದುಕೊಳ್ಳುತ್ತಿದ್ದರು.

ಅಪ್ಪನಿಗೆ ನನ್ನ ಪರವಾಗಿ ಏನಾದರೂ ಹೇಳು. ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ. ಥ್ಯಾಂಕ್ಸ್ ಅನ್ನುವುದು ಚಿಕ್ಕದಾಯಿತು.

ಮೋಟು


ಅಕ್ಟೋಬರ್ 25

ಮೋಟೂ,

ನಿಮ್ಮಮ್ಮ ನಿನ್ನ ಕಾಗದವನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ಓದಿ ತೋರಿಸಿದ್ದಾಳೆ. ನನಗೆ ಕೊಟ್ಟದ್ದು ಕೊನೆಗೆ. ನಾನೀಗ ಕೊನೆಯ ಡಬ್ಬಿ.

ಥ್ಯಾಂಕ್ಸ್ ಹೇಳಬೇಕಾದವನು ನಾನು. ಮೂವತ್ತು ವರ್ಷ ಜನರ ತಲೆ ಹಿಡಿದು ಬಗ್ಗಿಸಿದ್ದೇನೆ. ನನ್ನ ತಲೆ ಎಲ್ಲೆಲ್ಲಿ ಬಗ್ಗಿತ್ತು ಅಂತ ತೋರಿಸಿದವಳು ನೀನು. ಉಪಕಾರ ನೆನೆಯುವುದು ಬೇರೆ, ಬಾಯಿಗೆ ಬಟ್ಟೆ ತುರುಕಿಕೊಳ್ಳುವುದು ಬೇರೆ ಅಂತ ಹದಿನೈದು ವರ್ಷದ ಹುಡುಗಿಯಿಂದ ಕಲಿತೆ. ತಡವಾಯಿತು, ಆದರೂ ಕಲಿತೆ.

ನಿನ್ನ ಜಡೆಯನ್ನು ಅಂಗಡಿಯ ಕನ್ನಡಿ ಪಕ್ಕ ತೂಗುಹಾಕಿದ್ದೇನೆ. ಗಿರಾಕಿಗಳು "ಇದೇನಣ್ಣಾ?" ಅನ್ನುತ್ತಾರೆ. "ನಮ್ಮ ಮಗಳ ಅರ್ಜಿ" ಅನ್ನುತ್ತೇನೆ.

ಇನ್ನೊಂದು ಸುದ್ದಿ. ಮೊನ್ನೆ ನಿಮ್ಮಮ್ಮ ಲಾಂಡ್ರಿಯಿಂದ ನೇರ ಅಂಗಡಿಗೆ ಬಂದು, ಗಿರಾಕಿಗಳ ಸಾಲಿನಲ್ಲಿ ಕೂತಳು. ಪಾಳಿ ಬಂದಾಗ ಕುರ್ಚಿಯೇರಿ, "ಭುಜದವರೆಗೆ" ಅಂದಳು. ಬೋರ್ಡಿನಲ್ಲಿ "ಗಂಡಸರಿಗೆ ಮಾತ್ರ" ಅಂತ ಇದೆಯಲ್ಲಾ ಅಂತ ಒಬ್ಬ ಕೇಳಿದ. ಅವಳು ಎದ್ದು ಹೋಗಿ, ನನ್ನ ರೇಜರಿನಿಂದಲೇ ಆ ಎರಡು ಪದ ಕೆರೆದು ಬಂದು ಮತ್ತೆ ಕೂತಳು. ಒಳ್ಳೆಯ ಬ್ಲೇಡು ಹಾಳಾಯಿತು. ಅವಳ ಕೂದಲು ಕೈಯಲ್ಲಿ ಹಿಡಿದಾಗ ಭಾರ ತಿಳಿಯಿತು. ಇಷ್ಟು ವರ್ಷ ಕೇಳದೇ ಇದ್ದುದಕ್ಕೆ ಅವಳ ಕ್ಷಮೆ ಕೇಳಿದೆ. "ಮೊದ್ಲು ಸಮವಾಗಿ ಕತ್ತರಿಸಿ, ಆಮೇಲೆ ನೋಡೋಣ" ಅಂದಳು.

ಕೊನೆಯದಾಗಿ ಒಂದು. ದೊಡ್ಡ ಮೇಷ್ಟ್ರು ಸ್ಟೇಜಿನ ಮೇಲೂ ಕೇಳಿದರಲ್ಲ, ಆವತ್ತು ಬಸ್ಸು ಸಿಕ್ಕಿತಾ ಅಂತ. ಎಲ್ಲರೆದುರು ಹೂಂ ಅಂದುಬಿಟ್ಟೆ. ಅವರ ಮನಸ್ಸು ನೋಯಿಸಬಾರದು ಅಂತ. ನಿನಗೆ ನಿಜ ಹೇಳುತ್ತೇನೆ.

ಆಗ ನನ್ನ ಮದುವೆಯಾಗಿ ಹನ್ನೊಂದು ದಿನ. ಮನೆಯಲ್ಲಿ ನಿಮ್ಮಮ್ಮ ಒಬ್ಬಳೇ ಕಾಯುತ್ತಿದ್ದಳು. ಅದಕ್ಕೇ ನಾಲ್ಕರ ಬಸ್ಸು ಹಿಡಿಯುವ ಅವಸರ, ಅದಕ್ಕೇ ಆ ಮಾತು. ನಿಯಮ ಬರೆದುಕೊಂಡ ದೊಡ್ಡ ಮೇಷ್ಟ್ರಿಗೆ ಖುಷಿಯಾಯಿತು. "ಭಲೇ ಐಡಿಯಾ ಕೊಟ್ರಿ, ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ" ಅಂತ ಕುರ್ಚಿ ಎಳೆದರು. ಜೀವನದಲ್ಲಿ ಮೊದಲ ಸಲ ಒಬ್ಬರು ನನಗೆ ಕುರ್ಚಿ ಎಳೆದಿದ್ದು. ಹೇಗೆ ಬೇಡ ಅನ್ನಲಿ? ಬಿಸಿ ಟೀ, ಅವರ ಮಾತು ಕೇಳುತ್ತಾ, ಗಡಿಯಾರ ಮರೆತು, ನಿಧಾನವಾಗಿ ಕುಡಿದೆ. ಗೇಟಿಗೆ ಓಡಿ ಬಂದಾಗ ಬಸ್ಸಿನ ಹಿಂಭಾಗ ತಿರುವಿನಲ್ಲಿ ಮರೆಯಾಗುತ್ತಿತ್ತು. ಹನ್ನೊಂದು ಮೈಲಿ ನಡೆದೆ.

ನಲವತ್ತು ಹುಡುಗಿಯರ ಕೈಯಿಂದ ಕಸಿದ ಆ ಒಂದು ಗಂಟೆ ನನಗೂ ದಕ್ಕಲಿಲ್ಲ, ಮಗಳೇ.

ಈಗ ಅದು ನಿಮಗೆ ಸಿಕ್ಕಿದೆ. ಚೆನ್ನಾಗಿ ನಿದ್ದೆ ಮಾಡಿ.

ನಿಮ್ಮಪ್ಪ